ತಾಡಪತ್ರಿ ಎತ್ತುವ ಕೈ

ಚಿಗವ್ವಾ,

ನೀನು ಹೇಗಿದ್ದೀಯಾ ಎಂದು ಕೇಳುವ ಹಾಗಿಲ್ಲ. ನಾವು ಚೆನ್ನಾಗಿದ್ದೇವೆ ಎಂದು ಸುಳ್ಳು ಬರೆಯಲು ಮನಸ್ಸಿಲ್ಲ. ಬಳಗಾನೂರಿನ ಅದೇ ಓಣಿಯಲ್ಲಿ, ಸಸಿ ನರ್ಸರಿಯ ಗೋಡೆಗೆ ಬೆನ್ನು ಕೊಟ್ಟಿರುವ ಅದೇ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಮಷೀನಿನ ಮೇಲೆ ಯಾರದೋ ಜಂಪರ್ ಅರ್ಧ ಹೊಲಿದು ಬಿಟ್ಟಿದ್ದೇನೆ. ಇವತ್ತು ಆ ಗೋಡೆಯಾಚೆ ನಡೆದದ್ದನ್ನು ನಿನಗೆ ಹೇಳುವವರೆಗೆ ಕೈಗೆ ಕೆಲಸ ಹತ್ತುವುದಿಲ್ಲ. ಆದರೆ ಮೊದಲು ಜಗಳ. ನಿನ್ನ ಮೇಲೆ ನನಗೆ ಸಿಟ್ಟಿದೆ. ಸತ್ತವರ ಮೇಲೆ ಸಿಟ್ಟಾಗಬಾರದಂತೆ. ಮಾಡಬಾರದ್ದನ್ನು ಮಾಡಿದವರೇ ಊರ ತುಂಬಾ ಆರಾಮಾಗಿ ಓಡಾಡುತ್ತಿರುವಾಗ, ಅಕ್ಕನ ಮಗಳು ಸಿಟ್ಟಾದರೆ ಯಾರಿಗೇನು ನಷ್ಟ?

ನರ್ಸರಿಯ ಸಾವ್ಕಾರ ನಿನ್ನನ್ನು ಹುಡುಕಿಕೊಂಡು ನಮ್ಮ ಬಾಗಿಲಿಗೆ ಬಂದದ್ದು ನೆನಪಿದೆಯಾ? ಆ ವರ್ಷ ಅವನ ಮೆಣಸಿನ ಸಸಿಗಳೆಲ್ಲ ಬೇರು ಕೊಳೆತು ಮಲಗಿದ್ದವು. ನೀನು ಬೀಜ ಹಾಕಿದ ಮಡಿಯೊಂದೇ ಹಸಿರಾಗಿ ಎದ್ದಿತ್ತು. "ಹುಲಿಗೆವ್ವ, ನಿನ್ನ ಕೈಗುಣ ಬಾಳ ಚಲೋ ಐತಿ ನೋಡವಾ. ಇನ್ನ ಮ್ಯಾಲ ಎಲ್ಲಾ ಮಡಿಗೂ ಮೊದಲ ಕೈ ನಿಂದ," ಅಂದ. ನೀನು ಸೆರಗಿನಲ್ಲಿ ಮುಖ ಒರೆಸಿಕೊಂಡು ನಕ್ಕೆ. ಚಿಗಪ್ಪ ಹೋದ ಮೇಲೆ ನಿನ್ನನ್ನು ಅರಿಷಿಣ ಹಚ್ಚಲು ಕರೆಯದ ಊರು ಇದು. ಮದುವೆ ಮನೆಯಲ್ಲಿ ಮೂಲೆಗೆ ಕೂರಿಸುತ್ತಿದ್ದರು. ಅಂಥಲ್ಲಿ ದೊಡ್ಡ ಮನುಷ್ಯನೊಬ್ಬ ಬಾಗಿಲಿಗೆ ಬಂದು ಮೊದಲ ಕೈ ನಿನ್ನದು ಅಂದರೆ... ಅವತ್ತು ನನಗೂ ಖುಷಿಯಾಗಿತ್ತು ಬಿಡು.

ಹೊಸ ಎಣ್ಣೆ ಬಂದ ದಿನ ನೀನೇ ಓಡಿ ಬಂದು ಸುದ್ದಿ ಹೇಳಿದ್ದೆ. ಬೆಳೆಗೆ ಹೊಡೆಯುವ ಯಾವ ವಿಷವಾದರೂ ನಮ್ಮ ಕಡೆ ಎಣ್ಣೆಯೇ. ಇದು ಗಿಡಕ್ಕಲ್ಲ, ಮಣ್ಣಿಗೆ. "ನೀರಾಗ ಕೂಡಿಸಿ ಮಡಿಗೆ ಬಿಟ್ಟು ಮ್ಯಾಲ ಪ್ಲಾಸ್ಟಿಕ್ ತಾಡಪತ್ರಿ ಮುಚ್ಚೂದಂತ. ಒಳಗ ಹೊಗಿ ಆಗಿ ಹುಳ, ಕಸದ ಬೀಜ, ಬೇರಿನ ರೋಗ ಎಲ್ಲಾನೂ ಸಾಯ್ತಾವಂತ," ಅಂದೆ. "ಎಲ್ಲಾನೂ ಅಂದ್ರ?" ಎಂದು ನಾನು ಕೇಳಿದೆ. "ನಿನ್ನ ಬಾಯಿ ಒಂದ ಬಿಟ್ಟು," ಎಂದು ನೀನು ನಕ್ಕೆ. ಅವತ್ತು ಸಂಜೆ ಓಣಿಯ ಮಂದಿಗೆಲ್ಲ ಕಣ್ಣಲ್ಲಿ ಖಾರಪುಡಿ ಬಿದ್ದ ಹಾಗಾಯಿತು. ಮಕ್ಕಳು ಕೆಮ್ಮಿ ಕೆಮ್ಮಿ ಉಂಡದ್ದನ್ನೆಲ್ಲ ಕಾರಿಕೊಂಡವು. ನಾವು ಹೋಗಿ ಕೇಳಿದರೆ ಸಾವ್ಕಾರ, "ಜರಾ ಹೊತ್ತು ಕಿಟಕಿ ಹಾಕ್ಕೋರಿ, ಹೋಗತೈತಿ," ಅಂದ. ನಮ್ಮ ಓಣಿಯ ಮನೆಗಳಿಗೆ ಕಿಟಕಿ ಇದ್ದರಲ್ಲವೇ ಹಾಕಿಕೊಳ್ಳುವುದು?

ಬೂಟು ಬಂದಾಗ ನಾವಿಬ್ಬರೂ ಜಗಳಾಡಿದ್ದೆವು. ಕಂಪನಿಯವನು ಬಂದು ಬೂಟು, ಕೈಗವಸು, ಮೂಗಿಗೆ ಕಟ್ಟುವ ಮುಖವಾಡ ಕೊಟ್ಟು, ನಿಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದುಕೊಂಡು ಹೋದ. ಮರುದಿನವೇ ಎಲ್ಲವೂ ಶೆಡ್ಡಿನ ಮೊಳೆಗೆ ಏರಿದವು. ನೀನೇ ಮೊದಲು ಬಿಚ್ಚಿಟ್ಟವಳು. ನೀನು ಹಾಕದ್ದನ್ನು ಉಳಿದ ಹೆಣ್ಣುಮಕ್ಕಳು ಹಾಕುತ್ತಾರೆಯೇ? "ಬೀಜ ಬೀಳೂ ಮಡಿಗೆ ಕಾಲಾಗ ಮೆಟ್ಟಿಕೊಂಡು ಇಳೀತಾರೇನಬೇ? ಅದು ದೇವರ ಜಗಲಿ ಇದ್ದಂಗ," ಅಂದೆ. "ದೇವರ ಜಗಲಿ ಮ್ಯಾಲ ಯಾರರ ವಿಷ ಸುರೀತಾರೇನು?" ಎಂದು ನಾನು ಒದರಿದೆ. ನೀನು ಬಿಸಿ ರೊಟ್ಟಿ ತಟ್ಟೆಗೆ ಹಾಕಿ, ಉಣ್ಣು ಮೊದಲು ಅಂದೆ. ನಿನ್ನ ವಾದವೆಲ್ಲ ಯಾವಾಗಲೂ ರೊಟ್ಟಿಯಲ್ಲೇ ಮುಗಿಯುತ್ತಿತ್ತು.

ನಿನ್ನ ಕೊನೆಯ ಆ ಮುಂಜಾನೆ ಸಾವ್ಕಾರ ನಿನಗೆ ಹೇಳಿ ಕಳಿಸಿದ. ಕಾಲುವೆಗೆ ನೀರು ಬಿಡುವ ಸುದ್ದಿ ಬಂದಿತ್ತು. ಮಸ್ಕಿ, ಲಿಂಗಸುಗೂರು ಕಡೆಯ ರೈತರು ಸಸಿ ಜಲ್ದಿ ಬೇಕೆಂದು ಸಾವ್ಕಾರನ ತಲೆ ತಿನ್ನುತ್ತಿದ್ದರು. ಎಣ್ಣೆ ಬಿಟ್ಟು ಮುಚ್ಚಿದ್ದ ಮಡಿಯನ್ನು ಅವತ್ತೇ ತೆಗೆಯಬೇಕೆಂದ. ನೀನು ಕುಂಕುಮ, ಊದಿನಕಡ್ಡಿ, ಕಾಯಿ ಹಿಡಿದು ನೆರಳುಪರದೆಯ ಒಳಗೆ ಹೋದೆ. ಚಪ್ಪಲಿ ಬದುವಿನ ಮೇಲೆ ಬಿಟ್ಟೆ. ಸಾವ್ಕಾರ ಹೊರಗೆ ಫೋನಿನಲ್ಲಿ ಮಾತಾಡುತ್ತಾ ನಿಂತಿದ್ದ. ನೀನು ಮಂಡಿಯೂರಿ, ತಾಡಪತ್ರಿಯ ಅಂಚು ಎತ್ತಿ, ಹಸಿಮಣ್ಣನ್ನು ಬೆರಳಿಂದ ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಂಡೆಯಂತೆ. ಯಾವಾಗಲೂ ಮಾಡುವ ಹಾಗೆ. ನಿನ್ನ ಹಿಂದೆ ನಿಂತಿದ್ದವರು ಹೇಳಿದ್ದು, ನೀನು ಕೂಗಲೂ ಇಲ್ಲವಂತೆ, ಬರೀ ಗಾಳಿಗೆ ಬಾಯಿ ಬಾಯಿ ಬಿಟ್ಟೆಯಂತೆ. ಸಿಂಧನೂರಿನ ಆಸ್ಪತ್ರೆಗೆ ನಾನು ಬರುವಷ್ಟರಲ್ಲಿ ನಿನ್ನ ಪಾದದ ತುಂಬಾ ಬೊಬ್ಬೆ ಎದ್ದಿದ್ದವು. ರೆಪ್ಪೆ ತೆರೆಯಲು ಬರುತ್ತಿರಲಿಲ್ಲ. "ರೇಣುಕಾ ಉಂಡಾಳೇನು?" ಎಂದು ನಿನ್ನ ಮಗಳ ಬಗ್ಗೆ ನನ್ನನ್ನು ಕೇಳಿದೆ. ಅಷ್ಟೇ, ಅದೇ ನಿನ್ನ ಕೊನೆಯ ಮಾತು. ಡಾಕ್ಟರು ಏನಾಗಿತ್ತು ಎಂದು ಕೇಳಿದಾಗ ಸಾವ್ಕಾರನ ಮನುಷ್ಯ ಮುಂದೆ ಬಂದು, "ಆಕಿಗೆ ಮೊದಲಿಂದ ದಮ್ಮಿನ ಬ್ಯಾನಿ ಇತ್ತರೀ," ಅಂದ. ನಿನಗೆ ದಮ್ಮು? ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು, ದಾರಿಯುದ್ದಕ್ಕೂ ನನ್ನನ್ನು ಬೈದುಕೊಂಡು ಬರುತ್ತಿದ್ದ ನಿನಗೆ?

ನಿನ್ನ ಕರ್ಮ ಮುಗಿದ ಮೇಲೆ ನಾನು, ರೇಣುಕಾ ಸಿಂಧನೂರಿನ ಕೃಷಿ ಕಚೇರಿಗೆ ಹೋದೆವು. ಸಾಹೇಬ ಕೆಟ್ಟವನಲ್ಲ, ಚಹಾ ತರಿಸಿದ. ನಮ್ಮ ಪ್ರಶ್ನೆಗಳು ಸಣ್ಣವು. ಇಂಥ ಎಣ್ಣೆಯನ್ನು ಮನೆಗಳಿಂದ ಎಷ್ಟು ದೂರದಲ್ಲಿ ಹಾಕಬೇಕು? ಹಾಕುವ ಮೊದಲು ಓಣಿಗೆ ಹೇಳಬೇಕೋ ಬೇಡವೋ? ಯಾವಾಗ ತೆಗೆಯಬೇಕು, ಯಾರು ತೆಗೆಯಬೇಕು? "ತಂಗಿ, ಮಾರೋ ಅಂಗಡಿ ಲೈಸೆನ್ಸ್ ನಾ ನೋಡತೀನಿ. ಹೊಲದಾಗ ಹಾಕಿದ ಮ್ಯಾಲ ಅದು ನನ್ನ ಕೈಯಾಗಿಲ್ಲ. ಮ್ಯಾಲಿಂದ ಆದೇಶ ಬರಬೇಕು. ಡಬ್ಬಿ ಮ್ಯಾಲ ಎಲ್ಲಾ ಬರದಿರತಾರಲ್ಲ," ಅಂದ. ಡಬ್ಬಿಯ ಮೇಲೆ ಇರುವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರ. ನಿನಗೆ ಬಸ್ಸಿನ ಕನ್ನಡದ ಬೋರ್ಡೇ ಓದಲು ಬರುತ್ತಿರಲಿಲ್ಲ.

ಆದರೂ ಆ ಸಾಹೇಬ ಒಂದು ದಿನ ನೋಡಲು ಬಂದ. ಸಾವ್ಕಾರ ಅವನನ್ನು ಶೆಡ್ಡಿಗೆ ಕರೆದೊಯ್ದು ಮೊಳೆಗೆ ನೇತಾಡುತ್ತಿದ್ದ ಬೂಟು ತೋರಿಸಿದ. "ಎಲ್ಲಾ ಕೊಟ್ಟೀವಿ ಸರ್. ನಮ್ಮ ಹೆಣ್ಣಮಕ್ಕಳಿಗೆ ಭೂಮ್ತಾಯಿ ಮ್ಯಾಲ ಭಕ್ತಿ ಬಾಳ. ಎಷ್ಟು ಹೇಳಿದ್ರೂ ಹಾಕ್ಕೊಳ್ಳಂಗಿಲ್ಲ. ಏನ ಮಾಡೂದು ಹೇಳ್ರಿ?" ಸಾಹೇಬ ತಲೆಯಾಡಿಸಿ ಜೀಪು ಹತ್ತಿದ. ಕೇಳಿದೆಯಾ ಚಿಗವ್ವಾ? ನಿನ್ನ ಭಕ್ತಿಯೇ ಅವನಿಗೆ ಜಾಮೀನಾಯಿತು. ನನ್ನ ಸಿಟ್ಟು ಇದಕ್ಕೇ. ಆ ದರಿದ್ರ ಬೂಟನ್ನು ಒಂದು ಸಲ ಹಾಕಿಕೊಂಡಿದ್ದರೆ... ಹಾಕಿಕೊಂಡಿದ್ದರೂ ಉಸಿರನ್ನು ಎಲ್ಲಿ ಬಿಚ್ಚಿಡುತ್ತಿದ್ದೆ? ಹೋಗಲಿ ಬಿಡು. ನಿನ್ನನ್ನು ಬೈದು ಬೈದು ನನಗೂ ಸಾಕಾಗಿದೆ.

ನಿನ್ನೆ ಸಾವ್ಕಾರ ಮತ್ತೆ ನಮ್ಮ ಬಾಗಿಲಿಗೆ ಬಂದ. ಈ ಸಲ ಕರೆದದ್ದು ರೇಣುಕಾಳನ್ನು. "ನಿಮ್ಮವ್ವನ ಕೈಗುಣ ನಿನಗ ಬಂದಿರತೈತವಾ. ನಾಳೆ ಮಡಿ ತಗಿಯೂದೈತಿ, ಮೊದಲ ಕೈ ನಿಂದ." ನಾನು ಬಾಯಿ ತೆರೆಯುವ ಮೊದಲೇ ಅವಳು, "ಬರ್ತೀನ್ರಿ," ಅಂದಳು. ಅವನು ಹೋದ ಮೇಲೆ ಎಷ್ಟು ಬೈದೆ ಗೊತ್ತಾ? "ನಿಮ್ಮವ್ವನ್ನ ನುಂಗಿದ್ದು ಸಾಲಲಿಲ್ಲೇನು? ನೀನೂ ಹೊಂಟೀಯೇನಲೇ?" ಅಂದೆ. ಅವಳು ಥೇಟ್ ನಿನ್ನ ಹಾಗೆ, ಎದ್ದು ರೊಟ್ಟಿ ಬಡಿಯಲು ಕೂತಳು.

ಇವತ್ತು ಮುಂಜಾನೆ ಅವಳ ಬೆನ್ನು ಹತ್ತಿ ನಾನೂ ಹೋದೆ. ಕೂಲಿಯ ಹೆಣ್ಣುಮಕ್ಕಳೆಲ್ಲ ಬದುವಿನ ಮೇಲೆ ಸಾಲಾಗಿ ನಿಂತಿದ್ದರು. ಓಣಿಯ ಮಂದಿ ಗೋಡೆಯ ಹತ್ತಿರ. ರೇಣುಕಾ ಪೂಜೆಯ ತಟ್ಟೆ ಹಿಡಿದು ನೆಟ್ಟಗೆ ಸಾವ್ಕಾರನ ಮುಂದೆ ಹೋದಳು. "ಸಾವ್ಕಾರ್ರ, ನಮ್ಮವ್ವನ ಕೈಗುಣ ಆಕಿ ಕೂಡನ ಹೋತ್ರಿ. ನಿಮ್ಮ ಕೈಗುಣ ಏನ ಕಮ್ಮಿ ಐತೇನ್ರಿ? ಒಂದ ಮಡಿ ಇದ್ದದ್ದು ಇಷ್ಟೆಲ್ಲಾ ಮಾಡೀರಿ. ಇವತ್ತ ಮೊದಲ ಕೈ ನಿಮ್ದ ಆಗಲಿ. ಇಳೀರಿ, ತಾಡಪತ್ರಿ ಎತ್ರಿ," ಅಂದಳು. ಸಾವ್ಕಾರ ನಕ್ಕ. ಬೇರೆ ಯಾರೂ ನಗಲಿಲ್ಲ. ಅವನು ಮುಚ್ಚಿದ ಮಡಿಯ ಕಡೆ ನೋಡಿದ, ಜೇಬಿನಿಂದ ಕರವಸ್ತ್ರ ತೆಗೆದ, ಹಿಂದೆ ಸರಿದ.

"ಇವತ್ತ ಬ್ಯಾಡವಾ," ಅಂದ. "ಒಳಗ ಹೊಗಿ ಇನ್ನಾ ಕುಂತಿರತೈತಿ. ಪರದೆ ಎಲ್ಲಾ ಬಿಚ್ಚಿ, ಅಂಚು ಸರಿಸಿ, ದೂರ ನಿಂತು ಗಾಳಿ ಆಡಾಕ ಬಿಡಬೇಕು. ವಾಸನಿ ಹೋದ ಮ್ಯಾಲ ಇಳೀಬೇಕು. ಕಂಪನಿಯವರು ಮೊದಲ ಸಲ ಡಬ್ಬಿ ಇಳಿಸಿದಾಗನ ಹೇಳ್ಯಾರ."

ಅವನ ಬಾಯಿಂದಲೇ ಬಂತು ಚಿಗವ್ವಾ, ಅಷ್ಟು ಮಂದಿಯ ಮುಂದೆ. ಏನು ಹೇಳಿಬಿಟ್ಟೆನೆಂದು ಅವನಿಗೆ ತಿಳಿಯಲು ಜರಾ ಹೊತ್ತು ಹಿಡಿಯಿತು. ರೇಣುಕಾ ತಟ್ಟೆಯನ್ನು ಅವನ ಕಾಲ ಬಳಿ ಇಟ್ಟು ಹೊರಗೆ ನಡೆದಳು. ಅವಳ ಹಿಂದೆ ಎಲ್ಲರೂ ನಡೆದರು. ಮಡಿ ಇನ್ನೂ ಮುಚ್ಚಿಕೊಂಡೇ ಇದೆ.

ನಾಳೆ ಓಣಿಗೆ ಓಣಿಯೇ ಸಿಂಧನೂರಿಗೆ ಹೊರಟಿದ್ದೇವೆ. ಅವನು ಇವತ್ತು ಅಂದದ್ದನ್ನು ಅಂದ ಹಾಗೆಯೇ ಸಾಹೇಬನಿಗೆ ಹೇಳುತ್ತೇವೆ. ಮೇಲಿನಿಂದ ಆದೇಶ ಬರಬೇಕು ಎಂದು ಮತ್ತೆ ಅಂದರೆ, ಮೇಲಿನವರಿಗೆ ಒಂದೇ ಸಾಲು ಬರೆದು ಕಳಿಸಿ ಎನ್ನುತ್ತೇನೆ. ಎಣ್ಣೆ ಹಾಕಿಸಿದವನೇ ಮೊದಲು ಇಳಿದು ತಾಡಪತ್ರಿ ಎತ್ತಬೇಕು. ಅದೊಂದು ಕಾನೂನಾದರೆ ಸಾಕು, ಉಳಿದ ಕಾನೂನುಗಳನ್ನೆಲ್ಲ ಸಾವ್ಕಾರರೇ ಕೇಳಿ ಕೇಳಿ ಮಾಡಿಸಿಕೊಳ್ಳುತ್ತಾರೆ.