ಅಕ್ಕನ ಬಾವಿಯ ಮೀನು

ಮಾರ್ಚ್ ೯, ರಾತ್ರಿ

ಇವತ್ತು ಬೆಳಿಗ್ಗೆ ಅಕ್ಕನ ಬಾವಿಯಿಂದ ಕೊಡದಲ್ಲಿ ಮೇಲೆ ಬಂದ, ಅಕ್ಕ ಬಸ್ಸಿನವನ ಕೈಲಿ ಕಳಿಸಿಕೊಟ್ಟ ಮೀನು ಈಗ ನನ್ನ ಮೇಜಿನ ಮೇಲೆ, ಗಾಜಿನ ಲೋಟದಲ್ಲಿ ಸುತ್ತುತ್ತಿದೆ. ಬೆರಳುದ್ದ. ಜೀವವಿರುವಾಗಲೇ ಬಣ್ಣವಿಲ್ಲ, ಕಣ್ಣಿರಬೇಕಾದ ಕಡೆ ಬರೀ ಚರ್ಮ.

ಹೋದ ತಿಂಗಳು ಭಾವ ಅದೇ ಬಾವಿಯಲ್ಲಿ ಸಿಕ್ಕ ಇಂಥದ್ದೇ ಒಂದನ್ನು ಸ್ಪಿರಿಟ್ ಬಾಟಲಿಯಲ್ಲಿ ಹಾಕಿ ತಂದಿದ್ದರು. ಸ್ಪಿರಿಟ್‌ನಲ್ಲಿಟ್ಟರೆ ಯಾವ ಮೀನಾದರೂ ಬಣ್ಣ ಬಿಡುತ್ತದೆ, ಕಣ್ಣು ಬೆಳ್ಳಗಾಗುತ್ತದೆ. ಇಪ್ಪತ್ತೆರಡು ವರ್ಷ ಮೀನು ಗುರುತಿಸಿದ ನಾನು ಲೆನ್ಸ್ ಕೂಡ ಹಿಡಿಯದೆ, ‘ಹಳ್ಳದ ಮೀನು, ಹೆದರಬೇಡಿ’ ಎಂದು ಚೀಟಿ ಅಂಟಿಸಿ ಕಳಿಸಿದೆ. ದೊಡ್ಡ ಪಂಡಿತ!

ಇದು ಹಳ್ಳದ್ದಲ್ಲ. ಬಂಡೆಯೊಳಗಿನ ಕತ್ತಲೆಯಲ್ಲಿ, ಹರಿಯುವ ನೀರಿನಲ್ಲಿ ಮಾತ್ರ ಬದುಕುವ ಕುರುಡು ಮೀನು. ಅದು ಬಾವಿಗೆ ಬಂದಿದೆಯೆಂದರೆ ಬಾವಿಯ ತಳ ಒಡೆದಿದೆ, ಕೆಳಗೆ ನೆಲ ಟೊಳ್ಳಾಗಿದೆ. ಬಾವಿಯಿಂದ ಅಕ್ಕನ ಅಡುಗೆಮನೆಗೆ ಎಂಟೇ ಹೆಜ್ಜೆ. ಆ ಗೋಡೆ ಬಿರುಕು ಬಿಟ್ಟಾಗ ಗಾರೆಯವನನ್ನು ಬೈದವನೂ ನಾನೇ.

ಫೋನ್ ಮಾಡಿ, ಎಲ್ಲರೂ ಎದ್ದು ಹೊರಗೆ ಬನ್ನಿ ಎಂದೆ. ಅಕ್ಕ ನಕ್ಕಳು.

“ಒಂದು ಮೀನಿಗೆ ಇಷ್ಟು ರಂಪಾನಾ? ಮಕ್ಕಳು ಈಗಷ್ಟೇ ಮಲಗಿದ್ದಾರೆ ಕಣೋ. ಹೆದರಬೇಡಿ ಅಂತ ನೀನೇ ತಾನೆ ಚೀಟಿ ಕೊಟ್ಟಿದ್ದು?” ಆಮೇಲೆ ಆಕಳಿಸುತ್ತಾ, “ಸಂಜೆ ಹಗ್ಗ ಪೂರ್ತಿ ಬಿಟ್ಟರೂ ಕೊಡಕ್ಕೆ ನೀರೇ ಸಿಗಲಿಲ್ಲ, ಅದೊಂದು ಬಂದು ನೋಡು ಬೆಳಿಗ್ಗೆ” ಎಂದು ಇಟ್ಟುಬಿಟ್ಟಳು.

ಪಕ್ಕದ ಮನೆಯ ಡ್ರೈವರ್ ಗಾಡಿ ತೆಗೆಯುತ್ತಿದ್ದಾನೆ. ಅವನು ಹಾರ್ನ್ ಹಾಕುವವರೆಗೆ ಕೈ ಸುಮ್ಮನಿರಲಾರದೆ ಬರೆಯುತ್ತಿದ್ದೇನೆ. ಅಕ್ಕನಿಗೆ ಮತ್ತೆ ಫೋನ್ ಮಾಡಿದೆ. ಮೂರು ಸಲ ಮಾಡಿದೆ. ಈಗ ಕರೆ ಹೋಗುತ್ತಲೇ ಇಲ್ಲ