ಸರ್ವರ್ ಮೇಲಿನ ಹೂವು

ಗಂಗಾನಗರ, 4 ಅಕ್ಟೋಬರ್ 2025, ಶನಿವಾರ. ಆಫೀಸಿಗೆ ರಜೆ. ಒಬ್ಬಳೇ ಬಂದಿದ್ದೇನೆ.

ನಂದಕುಮಾರ್,

ನಿನ್ನೆ ಬೆಳಿಗ್ಗೆ ನಮ್ಮ ಸಾಫ್ಟ್‌ವೇರಿನಲ್ಲಿ ಲ್ಯಾಬ್‌ಗಳ ರಕ್ತಪರೀಕ್ಷೆಯ ವರದಿಗಳು ಕಾಣೆಯಾದಾಗ, ಕಾರಣ ಹುಡುಕಲು ನಿನಗೆ ಒಂದು ಕಾಫಿಯಷ್ಟು ಹೊತ್ತು ಸಾಕಾಯಿತು. "ಆ ಯಶೋಧಾ ಏನೋ ಒತ್ತಿರ್ತಾಳೆ, ಬಿಡೇ ಸುಮಾ. ಸೋಮವಾರ ಕಳಿಸಿಬಿಡೋಣ," ಎಂದೆ ನೀನು. ವರದಿಗಳನ್ನು ನೋಡಿಕೊಳ್ಳುವ ಆ ಹುಡುಗಿಯನ್ನು ನೀನೇ ಕುರ್ಚಿಯಿಂದ ಎಬ್ಬಿಸಿದೆ. ಮಧ್ಯಾಹ್ನದ ಹೊತ್ತಿಗೆ ಹೊಸ ವರದಿಗಳು ಸರಿಯಾಗಿ ಬರತೊಡಗಿದವು. ಅದೇ ನಿನಗೆ ಸಾಕ್ಷಿ: ಅವಳು ಎದ್ದಳು, ಸರಿಹೋಯಿತು.

ಸೋಲದೇವನಹಳ್ಳಿಯ ಕಾಲೇಜಿನಲ್ಲೂ ನೀನು ಹೀಗೇ. ಪ್ರೋಗ್ರಾಂ ಓಡದಿದ್ದರೆ ಜೊತೆಗಾರನನ್ನು ಬದಲಿಸುತ್ತಿದ್ದೆ. ನಾನು ಸಾಲು ಸಾಲು ಓದುತ್ತ ಕೂತರೆ, ಕಾದಂಬರಿ ಅಂದುಕೊಂಡಿದ್ದೀಯಾ ಎಂದು ನಗುತ್ತಿದ್ದೆ. ಹೌದು, ನಾನು ಕೊನೆಯವರೆಗೂ ಓದುವವಳು. ಪತ್ತೇದಾರಿ ಕಾದಂಬರಿಯ ಮೊದಲ ಪುಟದಲ್ಲೇ ಮನೆಗೆಲಸದವಳನ್ನು ಹಿಡಿದು ಕೇಸು ಮುಚ್ಚುವ ಪೊಲೀಸ್ ಯಾವ ಭಾಷೆಯಿಂದ ಅನುವಾದವಾಗಿ ಬಂದರೂ ಪೆದ್ದನೇ.

ಯಶೋಧಾ ಅಳಲಿಲ್ಲ. ವಿದ್ಯಾರಣ್ಯಪುರದ ಬಸ್ಸಿಗೆ ಕಾಯುತ್ತ ಒಂದೇ ಮಾತು ಹೇಳಿದಳು: "ನಾನು ಸರ್ವರ್ ಹತ್ರಾನೂ ಹೋಗಿಲ್ಲ ಮೇಡಂ. ಪೂಜೆ ಹೂವು ಇನ್ನೂ ಅದರ ಮೇಲೆ ಹಂಗೇ ಇತ್ತು."

ಪ್ರತಿ ವರ್ಷ ಆಯುಧಪೂಜೆಗೆ, ವರದಿಗಳೆಲ್ಲ ಬಂದು ಸೇರುವ ಆ ಹಳೆಯ ಸರ್ವರಿನ ಪ್ಲಗ್ ಕಿತ್ತು ಕುಂಕುಮ ಹಚ್ಚುವವನು ನೀನು. ಹಬ್ಬ ಮುಗಿದ ಮೇಲೆ ಆನ್ ಮಾಡುವವನೂ ನೀನೇ. ಕಳೆದ ವರ್ಷವೂ ವರದಿಗಳು ಕಾಣೆಯಾಗಿದ್ದು ಹಬ್ಬದ ರಜೆ ಮುಗಿದ ಬೆಳಿಗ್ಗೆ. ಆಗ ಅದೇ ಕುರ್ಚಿಯಲ್ಲಿದ್ದ ಗಿರಿಯನ್ನು ನೀನು ಕೆಲಸದಿಂದ ತೆಗೆದೆ. ಎರಡು ಸಲವೂ ಯಾರು ಎಂದು ಕೇಳಿದೆ. ಯಾವಾಗ ಎಂದು ಕೇಳಲೇ ಇಲ್ಲ. ಯಾವಾಗ ಎಂದು ಕೇಳಿದ್ದರೆ ಉತ್ತರ ನಿನ್ನ ಕುಂಕುಮದ ಬೆರಳಿನವರೆಗೂ ಬರುತ್ತಿತ್ತು.

ಇವತ್ತು ನಾನೂ ಪ್ಲಗ್ ಕಿತ್ತು ಮತ್ತೆ ಆನ್ ಮಾಡಿದೆ. ಪ್ಲಗ್ ಕಿತ್ತಾಗ ಗಡಿಯಾರ ನಡೆಸಬೇಕಾದ ಒಳಗಿನ ಪುಟ್ಟ ಬ್ಯಾಟರಿ ಸತ್ತಿದೆ. ಸರ್ವರಿನ ಗಡಿಯಾರ 2015ಕ್ಕೆ ಹೋಗಿ ನಿಂತಿತು. ಇಂಟರ್ನೆಟ್ಟಿನಿಂದ ಸರಿಯಾದ ಸಮಯ ಸಿಗುವವರೆಗೆ ಬಂದ ವರದಿಗಳಿಗೆಲ್ಲ ಆ ಹಳೆಯ ತಾರೀಕೇ ಬೀಳುತ್ತದೆ, ಅವು ಪಟ್ಟಿಯ ತಳ ಸೇರುತ್ತವೆ. ನಿನ್ನೆ ಆ ಸಮಯ ಸಿಕ್ಕಿದ್ದು ಮಧ್ಯಾಹ್ನ; ಬೆಳಗಿನ ವರದಿಗಳೂ ಅಲ್ಲೇ ಇವೆ. ಒಂದೂ ಕಳೆದಿಲ್ಲ. ನೀನು ಕೆಳಗಿನವರೆಗೆ ನೋಡಲಿಲ್ಲ, ಅಷ್ಟೇ.

ಬ್ಯಾಟರಿಯನ್ನು ಬೇಕೆಂದೇ ಬದಲಿಸಿಲ್ಲ. ಸೋಮವಾರ ಮಾಲೀಕರಾದ ಮುನಿಶಾಮಪ್ಪನವರ ಎದುರು, ಯಶೋಧಾಳನ್ನು ಅವಳ ಕುರ್ಚಿಯಲ್ಲೇ ಕೂರಿಸಿ, ಆ ಪ್ಲಗ್ ಕೀಳುತ್ತೇನೆ. ಆನ್ ಮಾಡುವ ಕೆಲಸ ನಿನ್ನದು. ಹೂವು ನಾನು ತರುತ್ತೇನೆ.

ಅಲ್ಲಿಯವರೆಗೆ ದೇವರು ನಿನಗೆ ಒಳ್ಳೆಯ ನಿದ್ದೆ ಕೊಡಲಿ. ಗಿರಿಯನ್ನು ತೆಗೆದ ದಿನವೂ ಕೊಟ್ಟಿದ್ದನಲ್ಲ.

ಸುಮಾ