ಬಿತ್ತುವ ಮೊದಲು ಓದು

ಅಕ್ಕಾ,

ಮೊದಲು ಒಂದು ಮಾತು: ಡಬ್ಬಿಯಲ್ಲಿರುವ ಕಡಲೆಬೀಜ ಬಿತ್ತಬೇಡ. ಸೋಮವಾರ ಬಿತ್ತುತ್ತೇನೆ ಎಂದಿದ್ದೆಯಲ್ಲ, ಕೈ ತಡೆ. ಫೋನಿನಲ್ಲಿ ಹೇಳೋಣವೆಂದರೆ, ನಾನು ಬಾಯಿ ತೆರೆಯುವಷ್ಟರಲ್ಲಿ ನೀನು "ಊಟ ಆಯ್ತೇನೋ" ಎನ್ನುತ್ತೀ. ನಾನು "ಆಯ್ತು" ಎಂದು ಫೋನಿಡುತ್ತೇನೆ. ನಾಲ್ಕು ಗಂಟೆಗೆ ನಮ್ಮ ಲ್ಯಾಬಿನ ವ್ಯಾನು ನಿನ್ನ ಕಡೆ ಹೊರಡುತ್ತದೆ. ಅಷ್ಟರೊಳಗೆ ಇದನ್ನು ಮುಗಿಸಬೇಕು.

ನಿನ್ನ ಹೊಸ ತಳಿ ಪರೀಕ್ಷೆಗೆ ನಮ್ಮಲ್ಲಿಗೇ ಬಂದಿದೆ. ಹೆಸರಿಲ್ಲ, ಬರೀ ನಂಬರು. ಆದರೆ ಒಂದರ ಮೇಲೊಂದು ಮೂರು ಗಂಟು ಬಿಗಿದ ಚೀಲ ಕಂಡರೆ ನಿನ್ನ ತಮ್ಮನಿಗೆ ಗೊತ್ತಾಗದೆ? ಎಂಟು ವರ್ಷ ಗಿಡಗಿಡ ಆರಿಸಿ ಬೆಳೆಸಿದ್ದೀ. ಅದು ಹಳೆಯ ತಳಿಯಲ್ಲ ಎಂದು ಬೀಜದ ಪ್ರೋಟೀನೇ ಸಾಕ್ಷಿ ಹೇಳಬೇಕು. ಬೀಜ ಅರೆದು, ಎಣ್ಣೆ ತೆಗೆದು, ಪ್ರೋಟೀನನ್ನು ತೆಳು ಜೆಲ್ಲಿನೊಳಗೆ ಕರೆಂಟು ಕೊಟ್ಟು ಓಡಿಸುತ್ತೇವೆ. ನಮ್ಮ ಮನೆಯವರು ಬಸ್ಸಿಗೆ ಓಡಿದ ಹಾಗೆಯೇ: ಸಣಕಲು ಮಂದಿ ಮುಂದೆ, ದೊಡ್ಡಪ್ಪ ಹಿಂದೆ. ನಿಂತಲ್ಲೆಲ್ಲ ಒಂದು ನೀಲಿ ಗೆರೆ. ತಳಿ ಬೇರೆಯಾದರೆ ಗೆರೆಯೂ ಬೇರೆ.

ಮೊನ್ನೆ ಹತ್ತು ಬೀಜ ಒಟ್ಟಿಗೆ ಅರೆದು ನೋಡಿದೆ. ಹಳೆಯ ತಳಿಯದೇ ಪಡಿಯಚ್ಚು! ಹೆಚ್ಚಿಗೆ ಒಂದೇ ಗೆರೆ, ಇದ್ದೂ ಇಲ್ಲದ ಹಾಗೆ. ಪಕ್ಕದ ಮೇಜಿನ ಗಡ್ಡದವನು "ಹಳೇ ಮಾಲೇ ಬಿಡು, ವರದಿ ಬರ್ದು ಕೈ ತೊಳ್ಕೋ" ಅಂದ. ಕೈ ತೊಳೆದೆ, ವರದಿ ಬರೆಯಲಾಗಲಿಲ್ಲ. ಗೆರೆ ಮಸುಕಾದದ್ದು ಯಾರಿಂದ ಎಂದು ನನಗೆ ಗೊತ್ತು.

ನೀನು ಮಗಳ ಹೆರಿಗೆಗೆ ಹೋದಾಗ ಹತ್ತು ದಿನ ನಿನ್ನ ಮನೆ ಕಾದೆನಲ್ಲ. ನಾನು ಮನೆ ಕಾದೆ, ಬಾಣಲೆಯೂ ಕಾಯಿತು. ಅರ್ಧ ಡಬ್ಬಿ ಹುರಿದು ತಿಂದ ಮೇಲೆ ಅದು ಬಿತ್ತನೆ ಬೀಜವೆಂದು ಹೊಳೆಯಿತು. ಅಂಗಡಿಯಿಂದ ಹಳೆಯ ತಳಿಯದನ್ನೇ ತಂದು, ಬಣ್ಣ ಗಾತ್ರ ನೋಡಿ, ಒಂದೊಂದೇ ಆರಿಸಿ ತುಂಬಿಸಿದೆ. ಲ್ಯಾಬಿನ ಹದಿನಾಲ್ಕು ವರ್ಷದ ಅನುಭವ ಕಳ್ಳತನಕ್ಕೆ ಚೆನ್ನಾಗಿ ಒದಗಿತು. ನೀನು ಬಂದು ಮುಚ್ಚಳ ತೆಗೆದು, "ಸದ್ಯ, ಇಲಿ ಮುಟ್ಟಿಲ್ಲ ನೋಡು" ಎಂದೆ. ಇಲಿ ಪಕ್ಕದಲ್ಲೇ ನಿಂತಿತ್ತು. ಪರೀಕ್ಷೆಗೆ ನೀನು ಕಳಿಸಿದ್ದು ಅದೇ ಡಬ್ಬಿಯ ಬೀಜ.

ಇವತ್ತು ಇಪ್ಪತ್ತು ಬೀಜಗಳನ್ನು ಬೇರೆಬೇರೆಯಾಗಿ ಓಡಿಸಿದ್ದೇನೆ. ಮೊಳಕೆಯ ಕಡೆ ಮುಟ್ಟದೆ, ಇನ್ನೊಂದು ತುದಿಯಿಂದ ಚೂರೇ ಚೂರು ಕೆತ್ತಿದೆ, ಬೀಜಕ್ಕೆ ಜೀವವಿದೆ. ಜೆಲ್ಲಿಗೆ ನೀಲಿ ಬಣ್ಣ ಹಾಕಿ, ಗೆರೆಗಳಷ್ಟೇ ಉಳಿದು ಮಿಕ್ಕ ಬಣ್ಣ ಬಿಡಲೆಂದು ಟ್ರೇಯಲ್ಲಿ ಇಟ್ಟಿದ್ದೇನೆ. ಇಡೀ ಜೆಲ್ಲು ಇನ್ನೂ ಶಾಯಿ ಕುಡಿದ ಹಾಗಿದೆ. ಎರಡು ಸಾಲು ಬರೆಯುತ್ತೇನೆ, ಎದ್ದು ನೋಡುತ್ತೇನೆ, ಕೂರುತ್ತೇನೆ, ಮತ್ತೆ ಏಳುತ್ತೇನೆ. "ನೀನು ಗುರಾಯಿಸಿದ್ರೆ ಬೇಗ ಬಿಡುತ್ತಾ? ಕೂತ್ಕೋ ಮಾರಾಯ" ಎಂದು ಗಡ್ಡದವನು ರೇಗಿದ.

ಬಿಟ್ಟಿತು ಅಕ್ಕಾ! ಹದಿಮೂರು ಬೀಜ ಅಂಗಡಿಯವು. ಉಳಿದ ಏಳರಲ್ಲಿ ಆ ಗೆರೆ ಎದ್ದು ಕಾಣುತ್ತಿದೆ. ಹಳೆಯ ತಳಿಯಲ್ಲಿ ಅದು ಇಲ್ಲವೇ ಇಲ್ಲ. ನಿನ್ನದು ಹೊಸದೇ.

ಓಡಿಹೋಗಿ ಲ್ಯಾಬಿನ ಮುಖ್ಯಸ್ಥೆ ನಮ್ಮ ಮೇಡಂ ಮುಂದೆ ಎಲ್ಲ ಒಪ್ಪಿಕೊಂಡೆ. "ಮೊದ್ಲು ನಿನ್ನ ಹೊಟ್ಟೆನೇ ಟೆಸ್ಟ್ ಮಾಡ್ಬೇಕಿತ್ತಲ್ಲಯ್ಯಾ" ಅಂದರು. ನಗಲಿಲ್ಲ. ನಿನ್ನ ಬೀಜದ ಪರೀಕ್ಷೆಯಿಂದ ನನ್ನನ್ನು ತೆಗೆದಿದ್ದಾರೆ. ಕಲಬೆರಕೆಯೆಂದು ಈ ವರ್ಷ ಅದು ತಿರಸ್ಕೃತ. ಶುದ್ಧ ಬೀಜ ಬೆಳೆದು ಮತ್ತೆ ಕಳಿಸಬಹುದು. ನನ್ನ ಬಾಯಿಚಪಲಕ್ಕೆ ನಿನ್ನ ಒಂದು ವರ್ಷ ಹೋಯಿತು. ಇದನ್ನು ನಗಿಸಿ ಹೇಳುವ ದಾರಿ ನನಗೆ ಸಿಗಲಿಲ್ಲ.

ಜೊತೆಗಿರುವ ಲಕೋಟೆಯಲ್ಲಿ ಆ ಏಳು ಬೀಜಗಳಿವೆ, ಮೇಡಂ ಒಪ್ಪಿಗೆಯಿಂದಲೇ. ಇವನ್ನು ಮಾತ್ರ ಬಿತ್ತು. ಭಾನುವಾರ ಬರುತ್ತೇನೆ, ಗುಂಡಿ ನಾನು ತೋಡುತ್ತೇನೆ, ನೀನು ಬೈಯುತ್ತಾ ಬಿತ್ತು. ವ್ಯಾನಿನವನು ಹಾರ್ನ್ ಒತ್ತುತ್ತಿದ್ದಾನೆ.

ಏಳೂ ಏಳಲಿ.

ನಿನ್ನ ತಮ್ಮ